‘ಸಮಸ್ತವೂ ವ್ಯರ್ಥ’ ಎಂದಾಗ ಪ್ರಸಂಗಿ ಹೇಳಿದ್ದೇನು?

ಪ್ರಶ್ನೆ: ನಮ್ಮ ತಂದೆ ಕಳೆದ ತಿಂಗಳು ತೀರಿಕೊಂಡರು. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ದರ್ಜಿ ಕೆಲಸ ಮಾಡಿದವರು. ಅವರ ಸತ್ಯವೇದದಲ್ಲಿ ಪ್ರಸಂಗಿ ಪುಸ್ತಕದ ಮೊದಲ ಅಧ್ಯಾಯದ 2ನೇ ವಚನದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಿದ್ದಾರೆ: ‘ಸಮಸ್ತವೂ ವ್ಯರ್ಥ’. ಅದೇ ಪುಸ್ತಕದ ಒಂಬತ್ತನೆಯ ಅಧ್ಯಾಯವಿರುವ ಹಾಳೆಯ ಅಂಚಿಗೆ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಬೆರಳ ಗುರುತು ಹತ್ತಿದೆ. ಪೆನ್ಸಿಲಿನ ಗೆರೆಯಿರುವ ವಚನವನ್ನೇ ಸಮಾಧಿಯ ಕಲ್ಲಿನಲ್ಲಿ ಕೆತ್ತಿಸೋಣ ಎನ್ನುತ್ತಾನೆ ತಮ್ಮ. ನನಗೆ ಮನಸ್ಸು ಒಪ್ಪುತ್ತಿಲ್ಲ. ಅಪ್ಪನ ದುಡಿಮೆಯೆಲ್ಲ ವ್ಯರ್ಥವಾಯಿತು ಎಂದು ನಾವೇ ಬರೆಸಿದ ಹಾಗಾಗುವುದಿಲ್ಲವೇ? ಮೂಲ ಹೀಬ್ರೂವಿನಲ್ಲಿ ಆ ಪದ ‘ಹೆಬೆಲ್’, ಅದು ನಮ್ಮ ಕನ್ನಡದ ‘ಹಬೆ’ಯೇ ಎಂದು ಒಂದು ವೀಡಿಯೊದಲ್ಲಿ ಕೇಳಿದೆ. ಇದು ನಿಜವೇ? ಆ ಪದದ ಅರ್ಥವಾದರೂ ಏನು?

ಉತ್ತರ: ನಿಮ್ಮ ತಂದೆಯವರ ಅಗಲಿಕೆಯ ಸುದ್ದಿ ಓದಿ ಮನಸ್ಸು ಭಾರವಾಯಿತು. ಪದದ ಅರ್ಥವನ್ನು ನಿಧಾನವಾಗಿ ಬಿಡಿಸಿ ಹೇಳುತ್ತೇನೆ. ನಿಮ್ಮದು ಬರೀ ನಿಘಂಟಿನ ಪ್ರಶ್ನೆಯಲ್ಲ ಎಂಬುದು ನನಗೆ ಗೊತ್ತು.

ಮೊದಲು ‘ಹಬೆ’ಯ ವಿಚಾರ ಮುಗಿಸಿಬಿಡೋಣ. ಹೀಬ್ರೂ ಸೆಮಿಟಿಕ್ ಕುಟುಂಬದ ಭಾಷೆ, ಕನ್ನಡ ದ್ರಾವಿಡ ಕುಟುಂಬದ್ದು. ಎರಡು ಪದಗಳ ನಡುವೆ ನೆಂಟಸ್ತನ ಕಟ್ಟಲು ಯಾವ ಆಧಾರವೂ ಇಲ್ಲ. ದನಿ ಹೋಲುತ್ತದೆ, ಅರ್ಥವೂ ಹೋಲುತ್ತದೆ, ಆದರೂ ಇದು ಆಕಸ್ಮಿಕ. ಇಂದಿನ ಗ್ರೀಕರು ನೀರಿಗೆ ‘ನೆರೊ’ ಎನ್ನುತ್ತಾರೆ. ಹಾಗೆಂದು ಅವರು ನಮ್ಮಿಂದ ನೀರನ್ನು ಕಡ ತಂದರು ಎಂದು ಹೇಳಲಾಗುವುದಿಲ್ಲ. ಅದು ಅವರ ಭಾಷೆಯಲ್ಲಿ ‘ತಾಜಾ’ ಎಂಬರ್ಥದ ಪದದಿಂದ ಹುಟ್ಟಿದ್ದು. ಆದರೆ ಆ ವೀಡಿಯೊ ಮಾಡಿದವರು ತಿಳಿಯದೆಯೇ ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. ವಂಶಾವಳಿ ಸುಳ್ಳಾದರೂ ಅನುವಾದ ಬಹುಪಾಲು ಸರಿ. ಹೀಬ್ರೂವಿನ ಆ ಪದದ ಮೂಲ ಅರ್ಥ ಉಸಿರು, ಆವಿ, ಹಬೆ.

ಹೇ, ಬೇತ್, ಲಾಮೆದ್ ಎಂಬ ಮೂರು ಅಕ್ಷರಗಳ ಪದ ಅದು. ಇಂದಿನ ಉಚ್ಚಾರಣೆ ‘ಹೆವೆಲ್’. ಹಳೆಯ ಬರಹಗಳಲ್ಲಿ ‘ಹೆಬೆಲ್’ ಎಂದೂ ಕಾಣುತ್ತೀರಿ. ಒಂದು ಎಚ್ಚರಿಕೆ ಇಲ್ಲಿ ಬೇಕು. ಹೀಬ್ರೂವಿನಲ್ಲಿ ಗಂಟಲಿನಿಂದ ಬರುವ ಇನ್ನೊಂದು ‘ಹ’ ಇದೆ, ಅದರ ಹೆಸರು ಹೆತ್. ಅದರಿಂದ ಶುರುವಾಗುವ ಪದಗಳಿಗೆ ಹಗ್ಗ, ಹೆರಿಗೆಯ ನೋವು ಎಂಬ ಬೇರೆಯೇ ಅರ್ಥಗಳಿವೆ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಇವೆರಡನ್ನೂ ಬೆಸೆದು ‘ಹೆವೆಲ್ ಎಂದರೆ ಹೆರಿಗೆ ನೋವು, ಹಾಗಾಗಿ ಪ್ರಸಂಗಿಯಲ್ಲಿ ಹೊಸ ಸೃಷ್ಟಿಯ ರಹಸ್ಯ ಅಡಗಿದೆ’ ಎಂಬ ಮಾದರಿಯ ಪ್ರಸಂಗ ಕೇಳಿದರೆ ನಂಬಬೇಡಿ. ಪದದ ಆಳ ಅದರ ಅಕ್ಷರಗಳೊಳಗೆ ಬೀಗ ಹಾಕಿ ಕೂತಿರುವುದಿಲ್ಲ. ಬರೆದವರು ಅದನ್ನು ಎಲ್ಲೆಲ್ಲಿ, ಹೇಗೆ ಬಳಸಿದರು ಎಂದು ಸಾಲು ಸಾಲಾಗಿ ನೋಡಿದರೆ ಮಾತ್ರ ಕಾಣುತ್ತದೆ.

ನಾನು ಹೀಬ್ರೂ ಪಾಠ ಹೇಳುವಾಗ ಈ ಪದ ಬಂದ ದಿನ ಕನ್ನಡಕ ಹಾಕಿದ ವಿದ್ಯಾರ್ಥಿಯೊಬ್ಬರನ್ನು ಎಬ್ಬಿಸಿ, ಗಾಜಿನ ಮೇಲೆ ‘ಹಾ’ ಎಂದು ಉಸಿರು ಬಿಡಲು ಹೇಳುತ್ತೇನೆ. ಗಾಜು ಮಸುಕಾಗುತ್ತದೆ. ಅಂಚಿನಿಂದ ಒಳಕ್ಕೆ ಆ ಮಸುಕು ಸರಿಯುತ್ತ ಬಂದು, ನಡುವೆ ಒಂದು ಚುಕ್ಕೆಯಷ್ಟು ಉಳಿದು, ಅದೂ ಇಲ್ಲವಾಗುತ್ತದೆ. ಎಲ್ಲ ಸೇರಿ ನಾಲ್ಕೈದು ಎಣಿಸುವಷ್ಟು ಹೊತ್ತು. ಆ ಮಸುಕು ಸುಳ್ಳೇ? ಅಲ್ಲ, ಇಡೀ ತರಗತಿ ಕಂಡಿದೆ. ನಿಷ್ಪ್ರಯೋಜಕವೇ? ಅದೂ ಅಲ್ಲ, ಅದಿಲ್ಲದೆ ಕನ್ನಡಕ ಒರೆಸಲಾಗದು. ಆದರೆ ಯಾರಾದರೂ ಅದನ್ನು ಚಿಟಿಕೆಯಲ್ಲಿ ಹಿಡಿದು ಜೇಬಿಗೆ ಹಾಕಿಕೊಳ್ಳಲಿ ನೋಡೋಣ. ಹೆವೆಲ್ ಎಂದರೆ ಇದು. ಇದೆ, ಕಾಣುತ್ತದೆ, ಬೆಚ್ಚಗೂ ಇದೆ, ಕೈಗೆ ಮಾತ್ರ ಸಿಗುವುದಿಲ್ಲ.

ಪ್ರಸಂಗಿಯ ಹೊರಗೆ ಈ ಚಿತ್ರ ಇನ್ನೂ ಸ್ಪಷ್ಟ. ಯೆಶಾಯ 57ನೇ ಅಧ್ಯಾಯದಲ್ಲಿ ವಿಗ್ರಹಗಳನ್ನೆಲ್ಲ ಗಾಳಿ ಎತ್ತಿಕೊಂಡು ಹೋಗುತ್ತದೆ, ಹೆವೆಲ್ ಒಯ್ದುಬಿಡುತ್ತದೆ ಎಂಬ ಮಾತಿದೆ. ಗಾಳಿಗೆ ಜೋಡಿಯಾಗಿ ಬಂದಿರುವುದರಿಂದ ಅಲ್ಲಿ ಅದು ಉಸಿರೇ, ಒಂದು ಸುಯ್ಲು. ಮೋಸದ ನಾಲಿಗೆಯಿಂದ ಗಳಿಸಿದ ಸಂಪತ್ತು ‘ಅಟ್ಟಲ್ಪಡುವ ಹೆವೆಲ್’ ಎನ್ನುತ್ತದೆ ಜ್ಞಾನೋಕ್ತಿ 21. 62ನೇ ಕೀರ್ತನೆಯಲ್ಲಂತೂ ತಕ್ಕಡಿಯೇ ಬರುತ್ತದೆ: ದೊಡ್ಡವರನ್ನೂ ಸಣ್ಣವರನ್ನೂ ಒಟ್ಟಿಗೆ ತಟ್ಟೆಯಲ್ಲಿಟ್ಟು ತೂಗಿದರೆ ತಟ್ಟೆ ಮೇಲಕ್ಕೇ ಏರುತ್ತದೆ, ಅವರು ಹೆವೆಲ್‌ಗಿಂತಲೂ ಹಗುರ. 144ನೇ ಕೀರ್ತನೆ ಮನುಷ್ಯನನ್ನು ಹೆವೆಲ್‌ಗೆ ಹೋಲಿಸಿ, ಅವನ ದಿನಗಳು ಸರಿದುಹೋಗುವ ನೆರಳು ಎನ್ನುತ್ತದೆ. ‘ನನ್ನನ್ನು ಬಿಡು, ನನ್ನ ದಿನಗಳು ಹೆವೆಲ್’ ಎಂದು ದೇವರ ಮುಂದೆ ಗೋಗರೆದವನು ಯೋಬ. ಯೆರೆಮೀಯನ ಕೈಯಲ್ಲಿ ಮಾತ್ರ ಪದ ಚಾಟಿಯಾಗುತ್ತದೆ. ಅವನಿಗೆ ಅನ್ಯ ದೇವರುಗಳೇ ಹೆವೆಲ್. ನಿಮ್ಮ ಪಿತೃಗಳು ಹೆವೆಲ್‌ನ ಹಿಂದೆ ಹೋಗಿ ತಾವೇ ಹೆವೆಲ್ ಆದರು ಎಂದು ಎರಡನೆಯ ಅಧ್ಯಾಯದಲ್ಲಿ ಬೈಯುತ್ತಾನೆ. ಈ ಕೊನೆಯ ಬಳಕೆಗೆ ‘ವ್ಯರ್ಥ’ ಸರಿಯಾಗಿ ಹೊಂದುತ್ತದೆ. ಯೋಬನ ಮಾತಿಗೆ ಹೊಂದುವುದಿಲ್ಲ. ಅವನು ತನ್ನ ದಿನಗಳು ದಂಡ ಎನ್ನುತ್ತಿಲ್ಲ, ಮುಗಿದುಹೋಗುತ್ತಿವೆ ಎಂದು ಅಳುತ್ತಿದ್ದಾನೆ.

ಬೈಬಲ್ಲಿನ ಕಾಲ ಮುಗಿದ ಮೇಲೂ ಯೆಹೂದಿ ಧರ್ಮಗುರುಗಳಾದ ರಬ್ಬಿಗಳಿಗೆ ಈ ಪದದ ಹಬೆ ಆರಿರಲಿಲ್ಲ. ಸಬ್ಬತ್ ದಿನ ಒಲೆ ಹೊತ್ತಿಸುವಂತಿಲ್ಲವಲ್ಲ, ಹಾಗಾಗಿ ಹಿಂದಿನ ಸಂಜೆಯೇ ಅಡುಗೆಯ ಪಾತ್ರೆಯನ್ನು ಏನಾದರೊಂದರಲ್ಲಿ ಹುದುಗಿಸಿ ಬಿಸಿ ಉಳಿಸುತ್ತಿದ್ದರು. ಯಾವುದರಲ್ಲಿ ಹುದುಗಿಸಬಹುದು, ಯಾವುದು ‘ಹೆವೆಲ್ ಹೆಚ್ಚಿಸುತ್ತದೆ’ ಎಂದು ರಬ್ಬಿಗಳ ಚರ್ಚೆಗಳ ದೊಡ್ಡ ಸಂಗ್ರಹವಾದ ತಾಲ್ಮುದಿನಲ್ಲಿ ದೀರ್ಘ ಚರ್ಚೆಯೇ ನಡೆದಿದೆ. ಅಲ್ಲಿ ಹೆವೆಲ್ ಎಂದರೆ ಅಪ್ಪಟ ಅಡುಗೆಮನೆಯ ಬಿಸಿ, ಕಾವು. ಪ್ರಸಂಗಿಯ ಮೇಲಿನ ಪ್ರಾಚೀನ ರಬ್ಬಿ ವ್ಯಾಖ್ಯಾನದಲ್ಲಿ ಒಂದು ಸೊಗಸಾದ ಹೋಲಿಕೆ ಇದೆ. ಮನುಷ್ಯ ಹೆವೆಲ್ ಎಂದು ದಾವೀದ ಹೇಳಿದ. ಆದರೆ ಯಾವ ಹೆವೆಲ್? ಒಲೆಯಿಂದ ನೇರವಾಗಿ ಏಳುವುದಕ್ಕೆ ಅಷ್ಟಿಷ್ಟಾದರೂ ಸತ್ವವಿದೆಯಲ್ಲ? ಅದಕ್ಕೆ, ಪ್ರಸಂಗಿಯನ್ನು ಬರೆದವನೆಂದು ರಬ್ಬಿಗಳು ನಂಬಿದ್ದ ಸೊಲೊಮೋನ ‘ಹವೇಲ್ ಹವಾಲಿಮ್’, ಅಂದರೆ ಹಬೆಗಳ ಹಬೆ ಎಂದು ಬಿಡಿಸಿ ಹೇಳಿದ. ಒಲೆಯ ಮೇಲೆ ಏಳು ಮಡಕೆಗಳನ್ನು ಒಂದರ ಮೇಲೊಂದು ಇಟ್ಟರೆ ಎಲ್ಲಕ್ಕಿಂತ ಮೇಲಿನ ಮಡಕೆಯಿಂದ ಏಳುವ ಹಬೆಯಲ್ಲಿ ಏನೂ ಇರುವುದಿಲ್ಲ, ಅಂಥದ್ದು. ಏಳೇ ಏಕೆ? ಆ ಒಂದು ವಚನದಲ್ಲಿ ಹೆವೆಲ್ ಮೂರು ಸಲ ಏಕವಚನದಲ್ಲಿ, ಎರಡು ಸಲ ಬಹುವಚನದಲ್ಲಿ ಬರುತ್ತದೆ. ಬಹುವಚನಕ್ಕೆ ಎರಡೆರಡು ಎಂದು ಎಣಿಸಿದರೆ ಏಳು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ರಬ್ಬಿಗಳ ಇನ್ನೊಂದು ಮಾತು ನನಗೆ ಇನ್ನೂ ಪ್ರಿಯ. ಶಾಲೆಯ ಮಕ್ಕಳ ಬಾಯಿಯ ಹೆವೆಲ್ ಇರುವುದರಿಂದಲೇ ಈ ಲೋಕ ನಿಂತಿದೆ ಎಂದು ತಾಲ್ಮುದಿನ ಶಬ್ಬಾತ್ ಗ್ರಂಥದಲ್ಲಿದೆ. ಮಕ್ಕಳು ಧರ್ಮಶಾಸ್ತ್ರವನ್ನು ಗಟ್ಟಿಯಾಗಿ ಓದುವಾಗ ಬಾಯಿಂದ ಬರುವ ಉಸಿರು ಅದು. ‘ಹಾಗಾದರೆ ನನ್ನ, ನಿನ್ನ ಉಸಿರು?’ ಎಂದು ಒಬ್ಬ ಪಂಡಿತ ಇನ್ನೊಬ್ಬನನ್ನು ಕೇಳುತ್ತಾನೆ. ಪಾಪದ ಸೋಂಕಿರುವ ಉಸಿರು ಪಾಪವಿಲ್ಲದ ಉಸಿರಿಗೆ ಸಮನಲ್ಲ ಎಂದು ಉತ್ತರ ಬರುತ್ತದೆ. ಪ್ರಸಂಗಿ ಯಾವ ಪದದಿಂದ ಲೋಕವನ್ನೆಲ್ಲ ತೂಗಿ ಹಗುರ ಎಂದನೋ ಅದೇ ಪದ ಇಲ್ಲಿ ಲೋಕವನ್ನು ಹೊತ್ತು ನಿಂತಿದೆ. ಈ ಸಾಲಿನಲ್ಲಿ ‘ವ್ಯರ್ಥ’ ಎಂದು ಇಟ್ಟು ನೋಡಿ, ವಾಕ್ಯವೇ ಕುಸಿದುಬೀಳುತ್ತದೆ.

ಇನ್ನು ನಿಮಗೆ ಬಾಲ್ಯದಿಂದಲೂ ಪರಿಚಯವಿರುವ ಒಂದು ಹೆಸರಿಗೆ ಬರೋಣ. ಆದಿಕಾಂಡದ ನಾಲ್ಕನೆಯ ಅಧ್ಯಾಯದಲ್ಲಿ ಕಾಯಿನನ ತಮ್ಮ ಹೇಬೆಲ ಇದ್ದಾನಲ್ಲ, ಹೀಬ್ರೂವಿನಲ್ಲಿ ಅವನ ಹೆಸರು ಇದೇ ಮೂರು ಅಕ್ಷರ, ಇದೇ ಪದ. ಗ್ರೀಕ್, ಲ್ಯಾಟಿನ್ ದಾಟಿ ಬಂದ ಇಂಗ್ಲಿಷಿನ ‘ಏಬೆಲ್’ ಮೊದಲಿನ ಹಕಾರವನ್ನೇ ಕಳೆದುಕೊಂಡಿತು. ನಮ್ಮ ಸತ್ಯವೇದ ಉಳಿಸಿಕೊಂಡಿದೆ. ಆದರೂ ಒಂದು ಕಡೆ ‘ಹೇಬೆಲ’, ಇನ್ನೊಂದು ಕಡೆ ‘ವ್ಯರ್ಥ’ ಎಂದು ಓದುವ ಕನ್ನಡಿಗನಿಗೆ ಎರಡೂ ಒಂದೇ ಪದ ಎಂದು ಹೊಳೆಯುವ ದಾರಿಯಿಲ್ಲ. ಕಾಯಿನನ ಹೆಸರಿಗೆ ತಾಯಿ ಕಾರಣ ಹೇಳುತ್ತಾಳೆ, ಹೇಬೆಲನ ಹೆಸರಿಗೆ ಯಾರೂ ಏನೂ ಹೇಳುವುದಿಲ್ಲ. ಅವನು ಕುರಿ ಮೇಯಿಸಿದ, ಕಾಣಿಕೆ ತಂದ, ಹೊಲದಲ್ಲಿ ಸತ್ತ. ಕಥೆಯಲ್ಲಿ ಒಂದೇ ಒಂದು ಮಾತೂ ಆಡುವುದಿಲ್ಲ. ಆ ಹೆಸರಿನ ಮೂಲ ‘ಮಗ’ ಎಂಬರ್ಥದ ಅಕ್ಕಾಡಿಯನ್ ಪದ ಇರಬಹುದು ಎಂಬ ಊಹೆ ವಿದ್ವಾಂಸರಲ್ಲಿದೆ, ಇರಲಿ. ಹೀಬ್ರೂ ಬಲ್ಲವನ ಕಿವಿಗೆ ಅದು ಉಸಿರು ಎಂದೇ ಕೇಳುತ್ತದೆ. ನೀತಿವಂತನಾದ ಈ ಹೇಬೆಲನಿಗೆ ಸಂತಾನವಿಲ್ಲದ ಸಾವು, ಕೊಂದ ಅಣ್ಣನಿಗೆ ಊರು ಕಟ್ಟುವ ಆಯುಸ್ಸು. ಪ್ರಸಂಗಿಯನ್ನು ಕಾಡುವ ಪ್ರಶ್ನೆಯೂ ಇದೇ. ಅವನು ‘ಎಲ್ಲವೂ ಹೆವೆಲ್’ ಎಂದಾಗ ನನಗೆ ಹಿನ್ನೆಲೆಯಲ್ಲಿ ಆ ಹೊಲವೇ ಕಾಣುತ್ತದೆ.

ಹಾಗಾದರೆ ಉಸಿರು ‘ವ್ಯರ್ಥ’ವಾದದ್ದು ಹೇಗೆ? ಇದು ಒಬ್ಬಿಬ್ಬರ ತಪ್ಪಲ್ಲ, ಬಹಳ ಹಿಂದಿನಿಂದ ಹರಿದುಬಂದದ್ದು. ಹೀಬ್ರೂ ಗ್ರಂಥಗಳನ್ನು ಗ್ರೀಕ್ ಭಾಷೆಗೆ ತಂದ ಪ್ರಾಚೀನ ಯೆಹೂದಿ ಅನುವಾದಕರು ಪ್ರಸಂಗಿಯಲ್ಲಿ ‘ಮತಾಯೊತೇಸ್’, ಅಂದರೆ ನಿಷ್ಫಲತೆ ಎಂದು ಹಾಕಿದರು. ಸೃಷ್ಟಿಯು ನಿಷ್ಫಲತೆಗೆ ಒಳಗಾಯಿತು ಎಂದು ಪೌಲನು ರೋಮಾಪುರದವರಿಗೆ ಬರೆದಾಗ ಬಳಸಿದ್ದೂ ಅದೇ ಪದ. ಮುಂದೆ ನಾಲ್ಕನೆಯ ಶತಮಾನದಲ್ಲಿ, ಬೈಬಲ್ಲನ್ನು ಲ್ಯಾಟಿನ್ನಿಗೆ ತಂದ ಸನ್ಯಾಸಿ ಜೆರೋಮ್ ಬಂದ. ರೋಮ್ ನಗರದಲ್ಲಿ ಬ್ಲೆಸಿಲ್ಲಾ ಎಂಬ ಯುವತಿಗೆ ಅವನು ಪ್ರಸಂಗಿಯ ಪಾಠ ಹೇಳುತ್ತಿದ್ದ. ಲೋಕವನ್ನು ಆಕೆ ಹೀಗಳೆಯುವಂತೆ ಮಾಡುವುದೇ ತನ್ನ ಉದ್ದೇಶವಾಗಿತ್ತು ಎಂದು ಅವನೇ ಬರೆದುಕೊಂಡಿದ್ದಾನೆ. 384ರಲ್ಲಿ ಆಕೆ ಸಣ್ಣ ವಯಸ್ಸಿನಲ್ಲೇ ತೀರಿಕೊಂಡಳು. ಕೆಲವು ವರ್ಷಗಳ ನಂತರ ಬೇತ್ಲೆಹೇಮಿನಲ್ಲಿ ಕೂತು ವ್ಯಾಖ್ಯಾನ ಮುಗಿಸಿದ ಜೆರೋಮ್, ಬೇರೆ ಗ್ರೀಕ್ ಅನುವಾದಕರು ಈ ಪದಕ್ಕೆ ಆವಿ ಎಂಬರ್ಥದ ಶಬ್ದ ಬಳಸಿರುವುದನ್ನು ಗುರುತಿಸುತ್ತಾನೆ. ಬೇಗನೆ ಕರಗಿಹೋಗುವ ತೆಳುವಾದ ಹೊಗೆ, ಗಾಳಿ ಎಂದು ವಿವರಿಸುತ್ತಾನೆ. ಎಲ್ಲ ಗೊತ್ತಿದ್ದೂ ಅವನು ಆರಿಸಿಕೊಂಡದ್ದು ‘ವಾನಿತಾಸ್’, ಲ್ಯಾಟಿನ್ನಿನಲ್ಲಿ ಪೊಳ್ಳುತನ, ವ್ಯರ್ಥತೆ ಎಂಬರ್ಥದ ಪದ. ಪಶ್ಚಿಮದ ಚರ್ಚು ಮುಂದೆ ಸಾವಿರಕ್ಕೂ ಹೆಚ್ಚು ವರ್ಷ ಪ್ರಸಂಗಿಯನ್ನು ಆ ಸನ್ಯಾಸಿಯ ಕಣ್ಣಿನಿಂದಲೇ ಓದಿತು. 1611ರ ಇಂಗ್ಲಿಷ್ ಬೈಬಲ್ಲಿನ ‘ವ್ಯಾನಿಟಿ’ ಅಲ್ಲಿಂದ ಬಂದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಸತ್ಯವೇದವನ್ನು ಕನ್ನಡಕ್ಕೆ ತರಲು ಕೂತಾಗ ಅವರ ಕಿವಿಯಲ್ಲಿ ಆ ದನಿ ಇದ್ದಿರಲೇಬೇಕು.

ನಮ್ಮ ಅನುವಾದಕರನ್ನು ನಾನು ದೂರುವುದಿಲ್ಲ. ‘ಹವೇಲ್ ಹವಾಲಿಮ್’ ಎಂಬುದು ಹೀಬ್ರೂವಿನ ವಿಶೇಷ ಕಟ್ಟು: ಒಂದು ಪದವನ್ನು ಅದರದ್ದೇ ಬಹುವಚನಕ್ಕೆ ಜೋಡಿಸಿ ‘ಇದಕ್ಕಿಂತ ಮಿಗಿಲಿಲ್ಲ’ ಎಂದು ಹೇಳುವ ರೀತಿ. ‘ಗೀತೆಗಳ ಗೀತೆ’ ಎಂಬ ಇಂಥದೇ ಕಟ್ಟನ್ನು ಅವರು ‘ಪರಮಗೀತೆ’ ಎಂದು ಎಷ್ಟು ಚೆಂದವಾಗಿ ತಂದರು! ಇಲ್ಲಿ ‘ವ್ಯರ್ಥವೇ ವ್ಯರ್ಥ’ ಎಂದು ದ್ವಿರುಕ್ತಿಯಲ್ಲಿ ತಂದರು, ಕನ್ನಡದ ಲಯಕ್ಕೆ ಅದು ಒಪ್ಪುತ್ತದೆ. ತೊಂದರೆ ಇರುವುದು ಪದದ ಒಳಗೆ. ವ್ಯರ್ಥ ಎಂದರೆ ವಿ ಮತ್ತು ಅರ್ಥ, ಅರ್ಥ ಹೋದದ್ದು, ಪ್ರಯೋಜನವಿಲ್ಲದ್ದು. ಅದು ತೀರ್ಪು. ಹೆವೆಲ್ ಚಿತ್ರ. ತೀರ್ಪು ಎಲ್ಲ ಕಡೆಯೂ ಒಂದೇ ಅರ್ಥ ಕೊಡುತ್ತದೆ, ಚಿತ್ರ ಸಂದರ್ಭಕ್ಕೆ ತಕ್ಕ ಹಾಗೆ ಬೇರೆ ಬೇರೆ ಮಗ್ಗುಲು ತೋರಿಸುತ್ತದೆ.

ಪ್ರಸಂಗಿಯ ಹನ್ನೆರಡು ಅಧ್ಯಾಯಗಳಲ್ಲಿ ಈ ಪದ 38 ಸಲ ಬರುತ್ತದೆ. ಇಡೀ ಹೀಬ್ರೂ ಬೈಬಲ್ಲಿನಲ್ಲಿ ಅದು ಬರುವ ಸಂದರ್ಭಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಪುಟ್ಟ ಪುಸ್ತಕದಲ್ಲೇ ಇವೆ. 1:2ರಲ್ಲಿ ಶುರುವಾದ ಕೂಗು 12:8ರಲ್ಲಿ ಮತ್ತೆ ಬಂದು ಮುಚ್ಚಿಕೊಳ್ಳುತ್ತದೆ. ಮೊದಲ ಕೂಗಿನ ಬೆನ್ನಿಗೇ ಪ್ರಸಂಗಿ ಕೇಳುವ ಪ್ರಶ್ನೆಯಲ್ಲಿ ‘ಯಿತ್ರೋನ್’ ಎಂಬ ಪದವಿದೆ. ಹೀಬ್ರೂ ಬೈಬಲ್ಲಿನಲ್ಲಿ ಈ ಪುಸ್ತಕ ಬಿಟ್ಟು ಬೇರೆಲ್ಲೂ ಅದು ಸಿಗುವುದಿಲ್ಲ. ಮಿಕ್ಕು ಉಳಿಯುವುದು ಎಂಬ ಧಾತುವಿನಿಂದ ಬಂದದ್ದು, ವ್ಯಾಪಾರದ ವಾಸನೆಯ ಪದ. ಕನ್ನಡದಲ್ಲಿ ಅದಕ್ಕೆ ‘ಗಿಟ್ಟುವುದು’ ಎನ್ನುವುದೇ ಸರಿ ಎಂದು ನನಗೆ ತೋರುತ್ತದೆ. ಸೂರ್ಯನ ಕೆಳಗೆ ಇಷ್ಟೆಲ್ಲ ಪಾಡುಪಟ್ಟ ಮನುಷ್ಯನಿಗೆ ಕೊನೆಗೆ ಏನು ಗಿಟ್ಟಿತು? ಎಲ್ಲ ಖರ್ಚು ಕಳೆದು ಕೈಯಲ್ಲಿ ಏನು ಉಳಿಯಿತು? ಹೆವೆಲ್ ಈ ಪ್ರಶ್ನೆಯ ಉತ್ತರ. ದುಡಿದದ್ದು ಸುಳ್ಳಲ್ಲ, ಉಳಿಯುವುದಿಲ್ಲ ಅಷ್ಟೆ. ಇದರ ಜೊತೆಗೇ ಮತ್ತೆ ಮತ್ತೆ ಬರುವ ‘ರೆಊತ್ ರೂಆಹ್’ ಎಂಬ ಮಾತನ್ನು ‘ಗಾಳಿಯನ್ನು ಮೇಯಿಸುವುದು’ ಎಂದೂ ಓದಬಹುದು. ಕೋಲು ಹಿಡಿದು ಗಾಳಿಯನ್ನು ಕೊಟ್ಟಿಗೆಗೆ ಹೊಡೆದುಕೊಂಡು ಬರಲು ಹೊರಟವನನ್ನು ಕಣ್ಣಮುಂದೆ ತಂದುಕೊಳ್ಳಿ.

ಈಗ ವಚನಗಳನ್ನೇ ಪಕ್ಕಪಕ್ಕ ಇಟ್ಟು ನೋಡೋಣ. 5ನೇ ಅಧ್ಯಾಯದಲ್ಲಿ ಹಣ ಪ್ರೀತಿಸುವವನಿಗೆ ಹಣದಿಂದ ತೃಪ್ತಿಯಿಲ್ಲ, ಇದೂ ಹೆವೆಲ್. ಇಲ್ಲಿ ‘ವ್ಯರ್ಥ’ ನಡೆಯುತ್ತದೆ. 8:14ರಲ್ಲಿ ದುಷ್ಟನಿಗೆ ಆಗಬೇಕಾದದ್ದು ನೀತಿವಂತನಿಗೆ ಆಗುತ್ತದೆ, ನೀತಿವಂತನಿಗೆ ಸಲ್ಲಬೇಕಾದದ್ದು ದುಷ್ಟನಿಗೆ ಸಲ್ಲುತ್ತದೆ, ಇದು ಹೆವೆಲ್. ಇಲ್ಲಿ ಅದು ಅನ್ಯಾಯ, ಬುದ್ಧಿಗೆ ನಿಲುಕದ ಗೊಂದಲ. ಹಬೆ ಕವಿದು ಆಚೆಗೇನಿದೆ ಎಂದು ಕಾಣದ ಸ್ಥಿತಿ. ಈ ಮಗ್ಗುಲನ್ನೇ ಹಿಡಿದು ಹೆವೆಲ್ ಎಂದರೆ ಅಸಂಗತ ಎಂದು ವಾದಿಸಿದ ವಿದ್ವಾಂಸರಿದ್ದಾರೆ. 11:10 ಇನ್ನೂ ಬೇರೆ: ಎಲೈ ಯೌವನಸ್ಥನೇ, ಮನಸ್ಸಿನ ಕಳವಳ ತೆಗೆದುಹಾಕು, ಯಾಕೆಂದರೆ ಬಾಲ್ಯವೂ ಕಪ್ಪು ಕೂದಲಿನ ಪ್ರಾಯವೂ ಹೆವೆಲ್. ಇಲ್ಲಿ ‘ವ್ಯರ್ಥ’ ಎಂದು ಓದಿದರೆ ಮಾತು ತಲೆಕೆಳಗಾಗುತ್ತದೆ. ಯೌವನ ವ್ಯರ್ಥವಾಗಿದ್ದರೆ ಅದರಲ್ಲಿ ಸಂತೋಷಪಡು ಎಂದು ಹಿಂದಿನ ವಚನದಲ್ಲೇ ಹೇಳುವುದೇಕೆ? ಅದು ಬೇಗ ಆರಿಹೋಗುತ್ತದೆ, ಇರುವಾಗಲೇ ಅನುಭವಿಸು ಎಂಬುದು ಅಲ್ಲಿನ ಮಾತು. ಹೀಗಾಗಿ ಒಂದೇ ಕನ್ನಡ ಪದವನ್ನು ಎಲ್ಲ ಕಡೆ ಇಡಬೇಕಾಗಿ ಬಂದರೆ ನಾನು ‘ಹಬೆ’ಯನ್ನೇ ಇಡುತ್ತೇನೆ. ‘ಹಬೆಯಲ್ಲಿ ಹಬೆ, ಎಲ್ಲವೂ ಹಬೆ.’ ‘ಮಾಯೆ’ ಎಂಬ ಸಲಹೆಯನ್ನೂ ಕೇಳಿದ್ದೇನೆ, ಒಪ್ಪಲಾರೆ. ಆ ಪದ ತನ್ನ ಹಿಂದೆ ಒಂದು ಇಡೀ ದರ್ಶನವನ್ನೇ ಎಳೆದುಕೊಂಡು ಬರುತ್ತದೆ. ಪ್ರಸಂಗಿಗೆ ರೊಟ್ಟಿ ನಿಜ, ದ್ರಾಕ್ಷಾರಸ ನಿಜ, ಹೆಂಡತಿ ನಿಜ, ಸಾವೂ ನಿಜ.

ಆದರೆ ಈ ವಚನವನ್ನು ಸಿಹಿ ಮಾಡಿ ಕೊಡಲು ನನಗೆ ಇಷ್ಟವಿಲ್ಲ. ನಿಮ್ಮ ತಂದೆ ಇಸ್ತ್ರಿ ಮಾಡುವುದನ್ನು ನೀವು ಎಷ್ಟು ಸಲ ನೋಡಿದ್ದೀರೋ. ಬಟ್ಟೆಗೆ ನೀರು ಚಿಮುಕಿಸಿ ಕಾದ ಪೆಟ್ಟಿಗೆಯನ್ನು ಒತ್ತಿದಾಗ ‘ಸುಂಯ್’ ಎಂದು ಹಬೆ ಏಳುತ್ತದೆ, ಹೋಗುತ್ತದೆ. ಬಟ್ಟೆಯ ಗೆರೆ ಉಳಿಯುತ್ತದೆ. ಹಬೆ ಹೋದರೂ ಗೆರೆ ಉಳಿಯಿತಲ್ಲ ಎಂದು ನಿಮಗೆ ಸಮಾಧಾನ ಹೇಳುವುದು ಸುಲಭ. ಪ್ರಸಂಗಿ ಅಷ್ಟಕ್ಕೂ ಒಪ್ಪುವವನಲ್ಲ. ಒಂದು ದಿನ ಉಟ್ಟರೆ ಗೆರೆಯೂ ಮುರಿಯುತ್ತದೆ, ಬಟ್ಟೆಯೂ ಹರಿಯುತ್ತದೆ, ಹೊಲಿಸಿಕೊಂಡವನೂ ಹೋಗುತ್ತಾನೆ ಎನ್ನುತ್ತಾನೆ. ಅವನ ಪುಸ್ತಕದಲ್ಲಿ ನಿಜವಾದ ದುಃಖವಿದೆ. ಆ ದುಃಖದ ನಡುವೆಯೇ ಮತ್ತೆ ಮತ್ತೆ ನಿಂತು, ಉಣ್ಣು, ಕುಡಿ, ನಿನ್ನ ಪ್ರಯಾಸದಲ್ಲಿ ಸುಖ ಕಾಣು, ಇದು ದೇವರ ವರ ಎನ್ನುತ್ತಾನೆ. ಯೆಹೂದಿಗಳು ಈ ಪುಸ್ತಕವನ್ನು ಓದುವುದು ಶೋಕದ ದಿನದಲ್ಲಲ್ಲ. ಹಲವು ಸಭೆಗಳಲ್ಲಿ ಇದು ಪರ್ಣಶಾಲೆಗಳ ಹಬ್ಬದ ಪಾಠ. ಸುಗ್ಗಿ ಮುಗಿದ ಸಂತೋಷದಲ್ಲಿ, ಆಕಾಶ ಕಾಣುವ ಸೊಪ್ಪಿನ ಚಪ್ಪರದ ಕೆಳಗೆ ಏಳು ದಿನ ಉಣ್ಣುವ ಹಬ್ಬ ಅದು.

ಕಲ್ಲಿನ ವಿಷಯಕ್ಕೆ ಬರುತ್ತೇನೆ. ‘ಸಮಸ್ತವೂ ವ್ಯರ್ಥ’ ಎಂಬಷ್ಟನ್ನೇ ಕೆತ್ತಿಸಬೇಡಿ ಎಂಬುದು ನನ್ನ ಅಭಿಪ್ರಾಯ. ನಿಮ್ಮ ತಮ್ಮನ ಮನಸ್ಸಿನಲ್ಲಿ ಇರುವುದು ಗೌರವವೇ, ಅದನ್ನು ಅವರಿಗೂ ಹೇಳಿ. ಆದರೆ ಸ್ಮಶಾನದಲ್ಲಿ ನಿಂತು ಓದುವವರಿಗೆ ಹೀಬ್ರೂವಿನ ಹಬೆ ಕಾಣುವುದಿಲ್ಲ, ಕನ್ನಡದ ತೀರ್ಪು ಮಾತ್ರ ಕಾಣುತ್ತದೆ. ಪೆನ್ಸಿಲಿನ ಗೆರೆ ಇರುವುದು ಮೊದಲ ಅಧ್ಯಾಯದಲ್ಲಿ, ನಿಜ. ನೀವು ಬರೆದ ಇನ್ನೊಂದು ವಿವರದ ಮೇಲೆ ನನ್ನ ಕಣ್ಣು ನಿಂತಿತು. ಸೀಮೆಸುಣ್ಣದ ಗುರುತು ಹತ್ತಬೇಕಾದರೆ ಕೆಲಸದ ನಡುವೆ, ಕೈ ತೊಳೆಯುವುದಕ್ಕೂ ಮುಂಚೆ ಆ ಪುಟ ತೆರೆದಿರಬೇಕು. ಅಲ್ಲಿ 7ರಿಂದ 10ನೇ ವಚನದವರೆಗೆ ಹೀಗಿದೆ, ಹೀಬ್ರೂವಿನಿಂದ ನನ್ನ ಮಾತಿನಲ್ಲಿ ಕೊಡುತ್ತೇನೆ: ‘ಹೋಗು, ನಿನ್ನ ರೊಟ್ಟಿಯನ್ನು ಸಂತೋಷದಿಂದ ಉಣ್ಣು, ನಿನ್ನ ದ್ರಾಕ್ಷಾರಸವನ್ನು ಹರ್ಷದಿಂದ ಕುಡಿ, ದೇವರು ನಿನ್ನ ಕೆಲಸಗಳನ್ನು ಆಗಲೇ ಮೆಚ್ಚಿಕೊಂಡಿದ್ದಾನೆ. ನಿನ್ನ ಉಡುಪುಗಳು ಯಾವಾಗಲೂ ಬೆಳ್ಳಗಿರಲಿ, ತಲೆಗೆ ಎಣ್ಣೆ ತಪ್ಪದಿರಲಿ. ಸೂರ್ಯನ ಕೆಳಗೆ ದೇವರು ನಿನಗೆ ಕೊಟ್ಟ ನಿನ್ನ ಹಬೆಯ ಬಾಳಿನ ದಿನಗಳಲ್ಲೆಲ್ಲ ನೀನು ಪ್ರೀತಿಸುವ ಹೆಂಡತಿಯೊಡನೆ ಸುಖವಾಗಿ ಬಾಳು. ನಿನ್ನ ಕೈಗೆ ಸಿಕ್ಕಿದ ಕೆಲಸವನ್ನೆಲ್ಲ ನಿನ್ನ ಬಲವಿದ್ದಷ್ಟೂ ಮಾಡು.’

ಹೆವೆಲ್ ಇಲ್ಲೂ ಇದೆ, ನೋಡಿದಿರಲ್ಲ. 9ನೇ ವಚನದ ನಡುವಿನಲ್ಲಿ, ಹೆಂಡತಿಯ ಪಕ್ಕದಲ್ಲೇ. ಕಲ್ಲಿನಲ್ಲಿ ಜಾಗ ಕಡಿಮೆ. ‘ದೇವರು ನಿನ್ನ ಕೆಲಸಗಳನ್ನು ಆಗಲೇ ಮೆಚ್ಚಿಕೊಂಡಿದ್ದಾನೆ’ ಎಂಬುದು ಒಂದು ಸಾಲಿನಲ್ಲಿ ಹಿಡಿಸುತ್ತದೆ, ಕೆಳಗೆ ‘ಪ್ರಸಂಗಿ 9:7’ ಎಂದು ಬರೆಸಿ. ನಿಮ್ಮ ಮನೆಯ ಸತ್ಯವೇದದಲ್ಲಿ ಈ ವಚನ ಯಾವ ಮಾತಿನಲ್ಲಿದೆಯೋ ಅದೇ ಮಾತು ಇರಲಿ, ಅಪ್ಪ ಓದಿದ್ದು ಅದನ್ನೇ. ತಮ್ಮನನ್ನೂ ಕೂರಿಸಿಕೊಂಡು ಆ ಪುಟವನ್ನು ಇನ್ನೊಮ್ಮೆ ತೆರೆಯಿರಿ. ನೀಲಿ ಗುರುತು ಎಂಟನೆಯ ವಚನದ, ಆ ಬಿಳಿ ಉಡುಪಿನ ಸಾಲಿನ ಹತ್ತಿರ ಇದೆಯೋ, ಹತ್ತನೆಯದರ ಹತ್ತಿರವೋ ಎಂದು ತಿಳಿಯುವ ಆಸೆ ನನಗೂ ಇದೆ. ಪುಸ್ತಕವನ್ನು ಒರೆಸಿ ಸ್ವಚ್ಛ ಮಾಡಲು ಮಾತ್ರ ಹೋಗಬೇಡಿ.